ರೀಬೂಟ್ ಆದ ಮೇಲೆ ಸರ್ವರ್‌ಗೆ ಏನೂ ನೆನಪಿರುವುದಿಲ್ಲ: ಯಂತ್ರಾಂಶ ದೋಷದ ದಾಖಲೆ ಉಳಿಸಿಕೊಳ್ಳುವುದು ಹೇಗೆ?

ಲ್ಯಾಬ್‌ದೀಪ | ಸೋಮವಾರ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕ ಪ್ರಯೋಗಾಲಯದ ಉಸ್ತುವಾರಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎರಡು ಪ್ರೊಸೆಸರ್‌ಗಳ ಒಂದು ಸರ್ವರ್ ಇದೆ. ತಲಾ 16 ಜಿಬಿಯ ಎಂಟು ಮೆಮೊರಿ ಮಾಡ್ಯೂಲ್‌ಗಳು, ಲಿನಕ್ಸ್ ಕಾರ್ಯವ್ಯವಸ್ಥೆ. ಸಂಶೋಧನಾ ವಿದ್ಯಾರ್ಥಿಗಳು ನಾಲ್ಕೈದು ದಿನ ಹಿಡಿಯುವ ಲೆಕ್ಕಾಚಾರಗಳನ್ನು ಇದರ ಮೇಲೆ ಹಚ್ಚಿ ಹೋಗುತ್ತಾರೆ.

ಕಳೆದ ಮೂರು ವಾರಗಳಲ್ಲಿ ಈ ಯಂತ್ರ ಮೂರು ಸಲ ರಾತ್ರಿ ಹೊತ್ತು ನಿಂತಿದೆ. ಎರಡು ಸಲ ತಾನಾಗಿಯೇ ರೀಬೂಟ್ ಆಗಿತ್ತು. ಮೂರನೆಯ ಸಲ ಅಲುಗಾಡದೆ ನಿಂತುಬಿಟ್ಟಿತ್ತು. ರಾತ್ರಿ ಪಾಳಿಯ ಕಾವಲುಗಾರರು ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಚಾಲೂ ಮಾಡಿದರು. ಬೆಳಿಗ್ಗೆ ಬಂದು ಲಾಗ್ ತೆರೆದರೆ ಮೂರೂ ಸಲ ಒಂದೇ ಕಥೆ. ಒಂದು ಸಾಲಿನವರೆಗೆ ಎಲ್ಲ ಸರಿ, ಅದರ ಮುಂದಿನ ಸಾಲು ಹೊಸ ಬೂಟ್‌ನದು. ನಡುವೆ ಏನಾಯಿತು ಎನ್ನುವುದಕ್ಕೆ ಒಂದು ಅಕ್ಷರವೂ ಇಲ್ಲ.

ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಪಡೆದ ಸಂಸ್ಥೆಯವರು ಹೇಳುವುದು ಇಷ್ಟೇ: "ಯಾವ ಭಾಗ ಕೆಟ್ಟಿದೆ ಎಂಬ ದಾಖಲೆ ತೋರಿಸಿ, ಬದಲಿಸಿ ಕೊಡುತ್ತೇವೆ." ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪಿಎಚ್‌ಡಿ ಪ್ರಬಂಧದ ಕೊನೆಯ ಹಂತದಲ್ಲಿರುವ ಒಬ್ಬ ವಿದ್ಯಾರ್ಥಿನಿಯ ನಾಲ್ಕು ದಿನಗಳ ಕೆಲಸ ಎರಡು ಬಾರಿ ಹಾಳಾಗಿದೆ. ಅವಳ ಮುಖ ನೋಡಲು ನನಗೆ ಕಷ್ಟವಾಗುತ್ತಿದೆ. ಸಾಯುವ ಯಂತ್ರ ತಾನು ಏಕೆ ಸತ್ತೆ ಎಂದು ಎಲ್ಲಾದರೂ ಬರೆದಿಟ್ಟಿರುತ್ತದೆಯೇ? ಬರೆದಿದ್ದರೆ ಎಲ್ಲಿ ಹುಡುಕಬೇಕು?

ತುಂಗಾತೀರ | ಸೋಮವಾರ, ಬೆಳಿಗ್ಗೆ 11:25

ಬರೆದಿಡುತ್ತದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅಲ್ಲ. ನಾನು ಬೆಂಗಳೂರಿನ ಒಂದು ಡೇಟಾ ಸೆಂಟರ್‌ನಲ್ಲಿ ಇದೇ ಕೆಲಸ ಮಾಡುವವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೆಮೊರಿಯಲ್ಲೋ ಪ್ರೊಸೆಸರ್‌ನಲ್ಲೋ ಸರಿಪಡಿಸಲಾಗದ ದೋಷ ಕಂಡಾಗ ಪ್ರೊಸೆಸರ್ ಮಷೀನ್ ಚೆಕ್ ಎಂಬ ವಿಶೇಷ ತಡೆಯನ್ನು ಎಬ್ಬಿಸುತ್ತದೆ. ಅದು ಯಾವ ಕ್ಷಣದಲ್ಲಾದರೂ ಬರಬಹುದು. ಡಿಸ್ಕ್‌ನ ಚಾಲಕ ತಂತ್ರಾಂಶ ಅರ್ಧ ಕೆಲಸದಲ್ಲಿರಬಹುದು, ಕಡತವ್ಯವಸ್ಥೆಯ ಬೀಗ ಯಾರದೋ ಕೈಯಲ್ಲಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಮೆಮೊರಿಯಲ್ಲಿರುವುದು ನಿಜವೇ ಎಂಬ ನಂಬಿಕೆಯೇ ಆಗ ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಇರುವುದಿಲ್ಲ. ಅಂಥ ಸ್ಥಿತಿಯಲ್ಲಿ ಡಿಸ್ಕ್‌ಗೆ ಬರೆಯಹೊರಟರೆ ಒಳ್ಳೆಯ ದತ್ತಾಂಶವನ್ನೂ ಕೆಡಿಸಬಹುದು. ಅದಕ್ಕೇ ಅದು ಬರೆಯದೆ ನಿಲ್ಲುತ್ತದೆ. ಇದರ ಮೇಲೆ ಇನ್ನೊಂದು ಸಂಗತಿ: ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಜರ್ನಲ್, ಅಂದರೆ ಅದರ ಲಾಗ್, ಸಾಮಾನ್ಯ ಸಂದೇಶಗಳನ್ನು ಐದು ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕ್‌ಗೆ ಗಟ್ಟಿ ಮಾಡುತ್ತದೆ. ಹಾಗಾಗಿ ಸಾವಿನ ಮುಂಚಿನ ಕೆಲವು ನಿಮಿಷಗಳೂ ಹೋಗಿರಬಹುದು.

ನನಗೆ ನಾಲ್ಕು ವಿಷಯ ತಿಳಿಸಿ. ಜರ್ನಲ್ ಡಿಸ್ಕ್ ಮೇಲೆ ಇದೆಯೇ? ವಾರ್ ಲಾಗ್ (/var/log) ಒಳಗೆ ಜರ್ನಲ್ ಎಂಬ ಫೋಲ್ಡರ್ ಇಲ್ಲದಿದ್ದರೆ ಅದು ಬರಿಯ ರ್‍ಯಾಮ್‌ನಲ್ಲಿರುತ್ತದೆ. ಮದರ್‌ಬೋರ್ಡ್ ಮೇಲಿನ ನಿರ್ವಹಣಾ ನಿಯಂತ್ರಕ, ಅಂದರೆ ಬಿಎಂಸಿಯ ಘಟನಾ ಪಟ್ಟಿಯಲ್ಲಿ ಏನಿದೆ? ಬೂಟ್ ಆಗುವಾಗಿನ ಕರ್ನೆಲ್ ಸಂದೇಶಗಳಲ್ಲಿ ಇಆರ್‌ಎಸ್‌ಟಿ (ERST) ಎಂಬ ಅಕ್ಷರಗಳು ಬರುತ್ತವೆಯೇ? ಪಿಸ್ಟೋರ್ ಫೋಲ್ಡರ್‌ನಲ್ಲಿ ಏನಾದರೂ ಇದೆಯೇ?

ಅಂಚೆಪೆಟ್ಟಿಗೆ | ಸೋಮವಾರ, ಮಧ್ಯಾಹ್ನ 12:10

ಇಷ್ಟೆಲ್ಲ ಬೇಕೇ? ಮೆಮೊರಿ ಮಾಡ್ಯೂಲ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದಾಗ ನಿಲ್ಲುವುದಿಲ್ಲವೋ ಅದೇ ಕೆಟ್ಟದ್ದು. ಹುಬ್ಬಳ್ಳಿಯ ನನ್ನ ಅಂಗಡಿಯಲ್ಲಿ ಹದಿನೈದು ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ.

ಲ್ಯಾಬ್‌ದೀಪ | ಸೋಮವಾರ, ಮಧ್ಯಾಹ್ನ 3:05

ಅಂಚೆಪೆಟ್ಟಿಗೆ ಅವರೇ, ಒಂದು ಡೆಸ್ಕ್‌ಟಾಪ್ ಆಗಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಇದು ವಾರಕ್ಕೊಮ್ಮೆ ನಿಲ್ಲುವ ಯಂತ್ರ. ಒಂದು ಮಾಡ್ಯೂಲ್ ತೆಗೆದು ಕನಿಷ್ಠ ಒಂದು ವಾರ ಕಾಯಬೇಕು. ಎಂಟು ಮಾಡ್ಯೂಲ್‌ಗೆ ಎಂಟು ವಾರ. ಅಷ್ಟರಲ್ಲಿ ಎಎಂಸಿ ಮುಗಿದಿರುತ್ತದೆ.

ತುಂಗಾತೀರ ಅವರೇ, ಜರ್ನಲ್ ಡಿಸ್ಕ್ ಮೇಲೆಯೇ ಇದೆ. ಬಿಎಂಸಿಯ ಪಟ್ಟಿ ನೋಡಿದೆ. ಕೊನೆಯ ನಮೂದು ಎಂಟು ತಿಂಗಳ ಹಿಂದಿನದು! ಅದೂ ವಿದ್ಯುತ್ ಪೂರೈಕೆ ಹೋಯಿತು, ಬಂತು, ಹೋಯಿತು, ಬಂತು ಎಂಬುದೇ ನೂರಾರು ಸಾಲು. ನಮ್ಮ ಕಟ್ಟಡದಲ್ಲಿ ಕಳೆದ ಬೇಸಿಗೆಯಲ್ಲಿ ಯುಪಿಎಸ್ ತೊಂದರೆ ಕೊಟ್ಟಿತ್ತು. ಪಿಸ್ಟೋರ್ ಫೋಲ್ಡರ್ ಖಾಲಿ ಇದೆ. ಇಆರ್‌ಎಸ್‌ಟಿ ಬೆಂಬಲ ಆರಂಭವಾಯಿತು ಎಂಬ ಒಂದು ಸಾಲು ಮಾತ್ರ ಬೂಟ್ ಸಂದೇಶಗಳಲ್ಲಿದೆ. ಅದರ ಅರ್ಥ ನನಗೆ ಗೊತ್ತಿಲ್ಲ.

ತುಂಗಾತೀರ | ಸೋಮವಾರ, ಸಂಜೆ 6:50

ಆ ಒಂದು ಸಾಲು ನಿಮ್ಮ ಪಾಲಿಗೆ ಒಳ್ಳೆಯ ಸುದ್ದಿ. ಅದಕ್ಕೆ ಬರುತ್ತೇನೆ. ಮೊದಲು ಬಿಎಂಸಿ ವಿಷಯ.

ಆ ಪಟ್ಟಿಯಲ್ಲಿ ಒಂದು ನಮೂದಿಗೆ 16 ಬೈಟ್ ಮಾತ್ರ. ಜಾಗವೂ ಕಡಿಮೆ. ಹಲವು ಯಂತ್ರಗಳಲ್ಲಿ ಪಟ್ಟಿ ತುಂಬಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದಿಲ್ಲ, ಹೊಸದನ್ನೇ ಬಿಟ್ಟುಬಿಡುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ. ಯುಪಿಎಸ್‌ನ ಹೋಯಿತು ಬಂತು ಎಂಬ ಗದ್ದಲ ಇಡೀ ಪುಸ್ತಕವನ್ನು ತುಂಬಿಬಿಟ್ಟಿದೆ, ನಿಜವಾದ ಸಾವಿನ ದಿನ ಬರೆಯಲು ಹಾಳೆಯೇ ಉಳಿದಿರಲಿಲ್ಲ. ಬಿಎಂಸಿಯೊಡನೆ ಮಾತಾಡುವ ಐಪಿಎಂಐಟೂಲ್ ಎಂಬ ಕಾರ್ಯಕ್ರಮದಲ್ಲಿ ಪಟ್ಟಿಯ ಮಾಹಿತಿ ಕೇಳಿದರೆ ಓವರ್‌ಫ್ಲೋ ಎಂಬುದರ ಎದುರು ನಿಜ ಎಂದು ಬರುತ್ತದೆ, ನೋಡಿ. ಪಟ್ಟಿಯನ್ನು ಮೊದಲು ಕಡತಕ್ಕೆ ಉಳಿಸಿ, ಆಮೇಲೆ ಖಾಲಿ ಮಾಡಿ. ಬಿಎಂಸಿಯ ಗಡಿಯಾರವನ್ನೂ ಸರಿಪಡಿಸಿ. 1970 ಎಂದು ಮುದ್ರೆ ಬಿದ್ದ ದಾಖಲೆಯನ್ನು ಯಾವ ಸಂಸ್ಥೆಯೂ ಸಾಕ್ಷಿಯಾಗಿ ಒಪ್ಪುವುದಿಲ್ಲ.

ಇನ್ನು ಇಆರ್‌ಎಸ್‌ಟಿ. ಇದು ಫರ್ಮ್‌ವೇರ್ (ಯಂತ್ರದ ಚಿಪ್‌ನಲ್ಲೇ ಇರುವ ತಂತ್ರಾಂಶ) ಮತ್ತು ಕಾರ್ಯವ್ಯವಸ್ಥೆ ಮಾತಾಡಿಕೊಳ್ಳುವ ನಿಯಮಗಳಾದ ಎಸಿಪಿಐ ನಿರ್ದಿಷ್ಟಿಕೆಯ ಭಾಗ. ವಿಂಡೋಸ್‌ಗಾಗಿ ಹುಟ್ಟಿದ ದೋಷ ವರದಿ ವಿನ್ಯಾಸದಿಂದ ಬೆಳೆದು, 2009ರ ಎಸಿಪಿಐ 4.0 ಆವೃತ್ತಿಯಲ್ಲಿ ಎಲ್ಲ ಕಾರ್ಯವ್ಯವಸ್ಥೆಗಳಿಗೂ ಸಿಕ್ಕಿತು. ಫರ್ಮ್‌ವೇರ್ ತನ್ನ ಫ್ಲ್ಯಾಶ್ ಚಿಪ್‌ನಲ್ಲಿ ಒಂದು ಸಣ್ಣ ಜಾಗ ಕಾಯ್ದಿರಿಸುತ್ತದೆ. ಕರ್ನೆಲ್ ಸಾಯುವ ಮುನ್ನ ಡಿಸ್ಕ್ ಚಾಲಕ, ಕಡತವ್ಯವಸ್ಥೆ ಯಾವುದರ ಹಂಗೂ ಇಲ್ಲದೆ, ಫರ್ಮ್‌ವೇರ್ ಹೇಳಿಕೊಟ್ಟ ಕೆಲವೇ ಹೆಜ್ಜೆಗಳಲ್ಲಿ ದಾಖಲೆಯನ್ನು ಅಲ್ಲಿ ಇಟ್ಟು ಹೋಗುತ್ತದೆ. ವಿದ್ಯುತ್ ಹೋದರೂ ಅದು ಉಳಿಯುತ್ತದೆ. ಲಿನಕ್ಸ್‌ಗೆ ಇದರ ಚಾಲಕ ಬಂದದ್ದು 2010ರಲ್ಲಿ. ಮರುವರ್ಷ ಇಂಟೆಲ್‌ನ ಟೋನಿ ಲಕ್ ಅವರ ಪಿಸ್ಟೋರ್ ಬಂತು. ಅದು ಈ ದಾಖಲೆಗಳನ್ನು ಸಾಮಾನ್ಯ ಕಡತಗಳಂತೆ ತೋರಿಸುತ್ತದೆ. ಕಡತ ಅಳಿಸಿದರೆ ಫ್ಲ್ಯಾಶ್‌ನಲ್ಲಿದ್ದ ದಾಖಲೆಯೂ ಅಳಿಯುತ್ತದೆ.

ನಿಮ್ಮ ಪಿಸ್ಟೋರ್ ಖಾಲಿ ಇರುವುದಕ್ಕೆ ಎರಡು ಕಾರಣವಿರಬಹುದು. ಏನೂ ಬರೆದೇ ಇಲ್ಲ. ಇಲ್ಲವೇ ಯಾರೋ ಆಗಲೇ ಎತ್ತಿಟ್ಟಿದ್ದಾರೆ. ನಿಮ್ಮದು ಈಚಿನ ಲಿನಕ್ಸ್ ಆಗಿದ್ದರೆ ಎರಡನೆಯದರ ಸಾಧ್ಯತೆ ಹೆಚ್ಚು. 2019ರಲ್ಲಿ ಬಂದ ಸಿಸ್ಟಂಡಿ 243ರಿಂದ ಒಂದು ಸೇವೆ ಇದೆ. ಬೂಟ್ ಆದ ಕೂಡಲೇ ಅದು ಪಿಸ್ಟೋರ್‌ನಲ್ಲಿರುವುದನ್ನು ಡಿಸ್ಕ್‌ಗೆ ಸಾಗಿಸಿ ಫ್ಲ್ಯಾಶ್‌ನ ಜಾಗ ತೆರವು ಮಾಡುತ್ತದೆ. ವಾರ್ ಲಿಬ್ (/var/lib) ಒಳಗಿನ ಸಿಸ್ಟಂಡಿ ಫೋಲ್ಡರ್‌ನಲ್ಲಿ ಪಿಸ್ಟೋರ್ ಎಂಬ ಹೆಸರಿನ ಇನ್ನೊಂದು ಫೋಲ್ಡರ್ ಇದೆಯೇ ನೋಡಿ.

ಲ್ಯಾಬ್‌ದೀಪ | ಸೋಮವಾರ, ರಾತ್ರಿ 7:35

ಇದೆ. ಇದೆ! ಅಲ್ಲಿ ಎರಡು ಉಪಫೋಲ್ಡರ್‌ಗಳಿವೆ. ದಿನಾಂಕಗಳು ಮೊದಲ ಎರಡು ಸಲ ನಿಂತ ರಾತ್ರಿಗಳಿಗೆ ಸರಿಯಾಗಿ ಹೊಂದುತ್ತವೆ. ಮೂರು ವಾರ ನನ್ನ ಕಣ್ಣೆದುರೇ ಇತ್ತು, ನಾನು ತಪ್ಪು ಕಪಾಟು ತೆರೆಯುತ್ತಿದ್ದೆ. ಮೂರನೆಯ ರಾತ್ರಿಯದು ಮಾತ್ರ ಇಲ್ಲ.

ಒಳಗೆ ಕರ್ನೆಲ್‌ನ ಕೊನೆಯ ಸಂದೇಶಗಳನ್ನು ಜೋಡಿಸಿದ ಪಠ್ಯ ಕಡತವಿದೆ. ಹಾರ್ಡ್‌ವೇರ್ ಎರರ್ ಎಂದು ಆರಂಭವಾಗುವ ನಾಲ್ಕೈದು ಸಾಲುಗಳಿವೆ. ಬ್ಯಾಂಕ್ 7 ಎಂದಿದೆ. ಪಕ್ಕದಲ್ಲಿ 16 ಅಂಕಿಗಳ ಒಂದು ಹೆಕ್ಸ್ ಸಂಖ್ಯೆ. ಅದು "ಬಿಇ" ಎಂದು ಆರಂಭವಾಗಿ "0091" ಎಂದು ಮುಗಿಯುತ್ತದೆ. ಎರಡೂ ರಾತ್ರಿಗಳಲ್ಲಿ ಆರಂಭ ಮತ್ತು ಕೊನೆ ಒಂದೇ. ಇದನ್ನು ಓದುವುದು ಹೇಗೆ?

ತುಂಗಾತೀರ | ಸೋಮವಾರ, ರಾತ್ರಿ 8:20

ಮೊದಲು ಆ ಎರಡೂ ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ಗೆ, ಇನ್ನೊಂದು ಯಂತ್ರಕ್ಕೆ ನಕಲು ಮಾಡಿ. ಈ ಉತ್ತರ ಓದುವುದು ಆಮೇಲೆ.

ಮಾಡಿದಿರಾ? ಸರಿ. ಬ್ಯಾಂಕ್ ಎಂದರೆ ಪ್ರೊಸೆಸರ್‌ನ ಒಂದು ಭಾಗದ ದೋಷಗಳನ್ನು ದಾಖಲಿಸುವ ರಿಜಿಸ್ಟರ್‌ಗಳ ಗುಂಪು. ಆ 64 ಬಿಟ್‌ಗಳು ಅದರ ಸ್ಥಿತಿ ರಿಜಿಸ್ಟರ್. ಮೊದಲ ಎರಡು ಅಂಕಿ "ಬಿಇ" ಅಂದರೆ ಬಿಟ್‌ಗಳಲ್ಲಿ 1011 1110. ಎಡದಿಂದ ಓದಿ. 1: ದಾಖಲೆ ಸಿಂಧು. 0: ಇದರ ಮೇಲೆ ಬೇರೆ ದೋಷ ಬಂದು ಬಿದ್ದಿಲ್ಲ, ಅಂದರೆ ಮೊದಲ ದೋಷವೇ ನಿಮ್ಮ ಕೈಯಲ್ಲಿದೆ. 1: ಸರಿಪಡಿಸಲಾಗಲಿಲ್ಲ. 1: ವರದಿ ಮಾಡುವಿಕೆ ಚಾಲೂ ಇತ್ತು. 1: ಹೆಚ್ಚುವರಿ ಮಾಹಿತಿ ಇದೆ. 1: ವಿಳಾಸ ಇದೆ. 1: ಪ್ರೊಸೆಸರ್‌ನ ಸ್ಥಿತಿಯೇ ಕೆಟ್ಟಿರಬಹುದು, ಮುಂದುವರಿಯಬಾರದು. ಇದಕ್ಕೇ ಯಂತ್ರ ನಿಂತದ್ದು.

ಕೊನೆಯ 0091 ದೋಷದ ಬಗೆ. ಇಂಟೆಲ್‌ನ ಕೈಪಿಡಿಯ ಪ್ರಕಾರ ಈ ಮಾದರಿ ಮೆಮೊರಿ ನಿಯಂತ್ರಕದ ದೋಷ: 9 ಎಂಬಲ್ಲಿ ಮೆಮೊರಿ ಓದುವಾಗ ಆದದ್ದು ಎಂದೂ, ಕೊನೆಯ 1 ಎಂಬಲ್ಲಿ ಚಾನೆಲ್ (ಪ್ರೊಸೆಸರ್‌ನಿಂದ ಮೆಮೊರಿಗೆ ಹೋಗುವ ದಾರಿ) 1 ಎಂದೂ ತಿಳಿಯುತ್ತದೆ. ಸಿಪಿಯು ಸಂಖ್ಯೆಯಿಂದ ಯಾವ ಸಾಕೆಟ್, ಅಂದರೆ ಎರಡರಲ್ಲಿ ಯಾವ ಪ್ರೊಸೆಸರ್‌ನ ಕಡೆ, ಎಂಬುದು ಗೊತ್ತಾಗುತ್ತದೆ. ನಿಮ್ಮಲ್ಲಿ ಎಂಟು ಮಾಡ್ಯೂಲ್ ಎಂದರೆ ಸಾಕೆಟ್‌ಗೆ ನಾಲ್ಕು, ಬಹುಶಃ ಚಾನೆಲ್‌ಗೆ ಒಂದೊಂದು. ಹಾಗಿದ್ದರೆ ನೀವು ಎಂಟರಿಂದ ಒಂದಕ್ಕೆ ಬಂದಿದ್ದೀರಿ.

ಇಲ್ಲಿ ಒಂದು ಎಚ್ಚರಿಕೆ ದಯವಿಟ್ಟು ಗಮನಿಸಿ. ಪ್ರೊಸೆಸರ್ ಚಾನೆಲ್‌ಗಳನ್ನು 0ಯಿಂದ ಎಣಿಸುತ್ತದೆ. ಮದರ್‌ಬೋರ್ಡ್ ಮೇಲೆ ಎ, ಬಿ, ಸಿ, ಡಿ ಎಂದು ಅಚ್ಚಾಗಿರುತ್ತದೆ. ಚಾನೆಲ್ 1 ಎಂದರೆ ಎ ಅಲ್ಲ, ಸಾಮಾನ್ಯವಾಗಿ ಬಿ. ಇದನ್ನು ತಪ್ಪಿ, ಆರೋಗ್ಯವಾಗಿದ್ದ ಮಾಡ್ಯೂಲ್ ಕಿತ್ತು ಕೆಟ್ಟದ್ದನ್ನು ಉಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಬೋರ್ಡ್‌ನ ಕೈಪಿಡಿಯ ಚಿತ್ರ ಎದುರಿಗಿಟ್ಟುಕೊಂಡೇ ಕೈ ಹಾಕಿ.

ಹಳೆಯ ಟರ್ಮಿನಲ್ | ಮಂಗಳವಾರ, ಬೆಳಿಗ್ಗೆ 6:15

ಈ ಚರ್ಚೆ ಓದಿ ಬಹಳ ಸಂತೋಷವಾಯಿತು. ನಾನು ಮೈಸೂರಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವವನು. ಮೇನ್‌ಫ್ರೇಮ್‌ಗಳ ಜೊತೆ ಕೆಲಸ ಕಲಿತವನು.

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಲಾಗ್‌ರೆಕ್ ಎಂಬ ಒಂದು ಕಡತಕ್ಕೆ ಯಂತ್ರಾಂಶದ ಪ್ರತಿ ದೋಷವೂ ಹೋಗುತ್ತಿತ್ತು. ಅದನ್ನು ಓದಿ ವರದಿ ಮುದ್ರಿಸುವ ಕಾರ್ಯಕ್ರಮಕ್ಕೆ ಎರೆಪ್ ಎಂದು ಹೆಸರು. ನಮ್ಮಲ್ಲಿಗೆ ಬರುತ್ತಿದ್ದ ಸೇವಾ ಎಂಜಿನಿಯರ್ ಯಂತ್ರದ ಬಾಗಿಲು ತೆರೆಯುವ ಮೊದಲು ಕುರ್ಚಿ ಎಳೆದುಕೊಂಡು ಆ ವರದಿಯನ್ನು ಅರ್ಧ ಗಂಟೆ ಓದುತ್ತಿದ್ದರು. ಟೇಪ್ ಡ್ರೈವ್ ಕೆಡುವ ಎರಡು ವಾರ ಮುಂಚೆಯೇ, ಯಂತ್ರ ತಾನೇ ತಿದ್ದಿಕೊಂಡ ದೋಷಗಳ ಎಣಿಕೆ ಏರುವುದನ್ನು ನೋಡಿ ಭಾಗ ತರಿಸುತ್ತಿದ್ದರು. ಸ್ಕ್ರೂಡ್ರೈವರ್‌ಗಿಂತ ಮೊದಲು ಕಾಗದ ಹಿಡಿಯಬೇಕು ಎಂಬುದನ್ನು ನಾನು ಅವರಿಂದ ಕಲಿತೆ.

ಆಮೇಲೆ ವಿಎಂಎಸ್ ಕಾರ್ಯವ್ಯವಸ್ಥೆಯ ಯಂತ್ರಗಳ ಮೇಲೆ ಕೆಲಸ ಮಾಡಿದೆ. ಅದರ ಉಪಾಯ ನನಗೆ ಇಂದಿಗೂ ಮೆಚ್ಚುಗೆ. ದೋಷದ ನಮೂದುಗಳು ಮೊದಲು ಮೆಮೊರಿಯ ಒಂದು ಬಫರ್‌ನಲ್ಲಿ ಸೇರುತ್ತವೆ, ಆಮೇಲೆ ಡಿಸ್ಕ್‌ನ ಕಡತಕ್ಕೆ ಹೋಗುತ್ತವೆ. ನಡುವೆ ವ್ಯವಸ್ಥೆ ಕುಸಿದರೆ? ಕುಸಿಯುವಾಗ ಬರೆಯುವ ಡಂಪ್ ಕಡತದಲ್ಲಿ ಆ ಬಫರ್‌ಗಳನ್ನೂ ಸೇರಿಸುತ್ತದೆ. ಮತ್ತೆ ಬೂಟ್ ಆದಾಗ ಡಂಪ್‌ನಿಂದ ಅವನ್ನು ಎತ್ತಿ, ಏನೂ ಆಗಿಲ್ಲವೆಂಬಂತೆ ದೋಷದ ಕಡತಕ್ಕೆ ಸೇರಿಸುತ್ತದೆ. ಸರಪಳಿಯ ಕೊಂಡಿ ಎಲ್ಲೂ ಕಳಚುವುದಿಲ್ಲ.

ಲ್ಯಾಬ್‌ದೀಪ ಅವರೇ, ಒಂದು ಪ್ರಶ್ನೆ. ಮೂರನೆಯ ರಾತ್ರಿ ಪರದೆಯ ಮೇಲೆ ಏನಿತ್ತು ಎಂದು ಆ ಕಾವಲುಗಾರರನ್ನು ಯಾರಾದರೂ ಕೇಳಿದ್ದೀರಾ?

ಮ್ಯೂನಿಕ್ ಕನ್ನಡಿಗ | ಮಂಗಳವಾರ, ಬೆಳಿಗ್ಗೆ 11:50

ಹಳೆಯ ಟರ್ಮಿನಲ್ ಅವರು ಹೇಳಿದ ಕೊಂಡಿಯ ಮಾತಿನ ಬಗ್ಗೆ ನನಗೆ ಹೇಳಲು ತುಂಬಾ ಇದೆ. ದಾಖಲೆ ಕಳೆದುಹೋಗುವುದು ಯಂತ್ರ ಸಾಯುವಾಗ ಎಂದು ಎಲ್ಲರೂ ಭಾವಿಸುತ್ತಾರೆ. ನಾನು ಕಂಡಂತೆ ಅದು ಹೆಚ್ಚಾಗಿ ಕಳೆಯುವುದು ಯಂತ್ರ ಮತ್ತೆ ಎದ್ದ ಮೇಲೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುವಾಗ.

ಮಷೀನ್ ಚೆಕ್ ದಾಖಲೆಗಳನ್ನು ಓದಲು ಲಿನಕ್ಸ್‌ನಲ್ಲಿದ್ದ ಹಳೆಯ ಎಂಸಿಲಾಗ್ ಸಾಧನವನ್ನೇ ನೋಡಿ. ಅದನ್ನು ತೆರೆದು ಓದಿದಾಗ ಕರ್ನೆಲ್ ಇಆರ್‌ಎಸ್‌ಟಿಯಲ್ಲಿದ್ದ ಮಷೀನ್ ಚೆಕ್ ದಾಖಲೆಯನ್ನು ಓದುವವರ ಕೈಗೆ ಕೊಟ್ಟು, ಕೂಡಲೇ ಫ್ಲ್ಯಾಶ್‌ನಿಂದ ಅಳಿಸುತ್ತಿತ್ತು. ಓದಿದ ಕಾರ್ಯಕ್ರಮ ಅದನ್ನು ಡಿಸ್ಕ್‌ಗೆ ಬರೆಯುವ ಮೊದಲೇ ಯಂತ್ರ ಮತ್ತೆ ಬಿದ್ದರೆ ದಾಖಲೆ ಎರಡೂ ಕಡೆ ಇಲ್ಲ. ಆ ಕರ್ನೆಲ್ ಸಂಕೇತ ಬರೆದವರಿಗೆ ಇದು ಗೊತ್ತಿತ್ತು. ನಿಜವಾಗಿ ಡಿಸ್ಕ್‌ಗೋ ಜಾಲಕ್ಕೋ ತಲುಪಿದ ನಂತರ ಅಳಿಸಬೇಕಿತ್ತು, ಅದಕ್ಕೆ ಈಗ ದಾರಿಯಿಲ್ಲ, ಅದೇ ದಾಖಲೆ ಮತ್ತೆ ಮತ್ತೆ ಬರದಿರಲೆಂದು ಅಳಿಸುತ್ತಿದ್ದೇವೆ ಎಂಬ ಅರ್ಥದ ಟಿಪ್ಪಣಿಯನ್ನು ಮೂಲಸಂಕೇತದಲ್ಲೇ ಬಿಟ್ಟಿದ್ದರು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ಕೆಟ್ಟ ಮೆಮೊರಿಯ ಯಂತ್ರ ಬೂಟ್ ಆದ ಎರಡು ನಿಮಿಷಕ್ಕೇ ಮತ್ತೆ ಬೀಳುವುದು ಅಪರೂಪವಲ್ಲ. ದಾಖಲೆ ಅತ್ಯಂತ ಬೇಕಾದ ಯಂತ್ರವೇ ಅದನ್ನು ಕಳೆದುಕೊಳ್ಳುವ ಸಾಧ್ಯತೆ ಅತ್ಯಂತ ಹೆಚ್ಚಿರುವ ಯಂತ್ರ.

ನಾನು ಇಲ್ಲಿ ಐಬಿಎಂನ ಪವರ್ ಸರ್ವರ್‌ಗಳ ಜೊತೆ ಕೆಲಸ ಮಾಡಿದ್ದೇನೆ. ಓಪಲ್ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಪ್ರತಿ ದೋಷ ದಾಖಲೆಗೂ ಒಂದು ಫೋಲ್ಡರ್, ಅದರಲ್ಲಿ ಸ್ವೀಕೃತಿಗೆಂದೇ ಒಂದು ಕಡತ. ನೀವು ದಾಖಲೆಯನ್ನು ಓದಿ, ಭದ್ರವಾಗಿ ಇಟ್ಟುಕೊಂಡು, ಆಮೇಲೆ ಆ ಕಡತಕ್ಕೆ ಸ್ವೀಕೃತಿ ಬರೆಯಬೇಕು. ಬರೆಯುವ ತನಕ ಫರ್ಮ್‌ವೇರ್ ದಾಖಲೆಯನ್ನು ಬಿಟ್ಟುಕೊಡುವುದಿಲ್ಲ. ರೀಬೂಟ್ ಆದರೂ ಮತ್ತೆ ತೋರಿಸುತ್ತದೆ. ಇಂಟೆಲ್‌ನ ಇಟೇನಿಯಂ ಯಂತ್ರಗಳಲ್ಲೂ ಓದುವ ಕರೆ ಬೇರೆ, ಅಳಿಸುವ ಕರೆ ಬೇರೆ ಇದ್ದವು. ಅಂಚೆಯಲ್ಲಿ ರಿಜಿಸ್ಟರ್ಡ್ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಹಾಗೆ. ಎಕ್ಸ್86 (ಇಂಟೆಲ್, ಎಎಂಡಿಗಳ ಸಾಮಾನ್ಯ ಪ್ರೊಸೆಸರ್) ಲೋಕದಲ್ಲಿ ಪಿಸ್ಟೋರ್ ಬಂದ ಮೇಲೆ ಈ ಕ್ರಮ ಸಾಧ್ಯವಾಯಿತು, ಏಕೆಂದರೆ ಅಳಿಸುವ ನಿರ್ಧಾರ ಕಡತ ಅಳಿಸುವವರ ಕೈಗೆ ಬಂತು.

ಕರಾವಳಿ ಗಾಳಿ | ಮಂಗಳವಾರ, ಮಧ್ಯಾಹ್ನ 2:30

ಇಆರ್‌ಎಸ್‌ಟಿ ಇಲ್ಲದವರಿಗಾಗಿ ಬರೆಯುತ್ತಿದ್ದೇನೆ. ನಾನು ಮೊಬೈಲ್ ಮತ್ತು ಸಣ್ಣ ಬೋರ್ಡ್‌ಗಳ ಕರ್ನೆಲ್ ಕೆಲಸ ಮಾಡುವವಳು. ನಮ್ಮ ಕಡೆ ಆಸರೆ ರ್‍ಯಾಮೂಪ್ಸ್. ರ್‍ಯಾಮ್‌ನ ಒಂದು ತುಣುಕನ್ನು ಕಾಯ್ದಿರಿಸಿ, ಸಾಯುವಾಗಿನ ಸಂದೇಶಗಳನ್ನು ಅಲ್ಲಿ ಬರೆಯುತ್ತೇವೆ. ವಿದ್ಯುತ್ ಕಡಿಯದೆ ಬರಿಯ ರೀಸೆಟ್ ಆದರೆ ರ್‍ಯಾಮ್‌ನಲ್ಲಿರುವುದು ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಒಂದೆರಡು ಬಿಟ್ ಕೆಟ್ಟರೂ ತಿದ್ದಿಕೊಳ್ಳಲು ರೀಡ್-ಸಾಲೊಮನ್ ಎಂಬ ದೋಷ ತಿದ್ದುವ ಸಂಕೇತವನ್ನು ಜೊತೆಗೆ ಬರೆಯುವ ಆಯ್ಕೆ ಇದೆ. ಮೊದಲು ವಿಳಾಸವನ್ನು ಕೈಯಿಂದಲೇ ಕೊಡಬೇಕಿತ್ತು. 6.11 ಕರ್ನೆಲ್‌ನಿಂದ, ಇಷ್ಟು ಜಾಗಕ್ಕೆ ಈ ಹೆಸರಿಟ್ಟು ಕಾಯ್ದಿರಿಸು ಎಂದು ಬೂಟ್ ಆಯ್ಕೆಯಲ್ಲೇ ಹೇಳಬಹುದು. ಪ್ರತಿ ಬೂಟ್‌ನಲ್ಲೂ ಅದೇ ಜಾಗ ಸಿಗುತ್ತದೆ ಎಂಬ ಖಾತರಿಯಿಲ್ಲ, ಆದರೆ ಸಾಮಾನ್ಯವಾಗಿ ಸಿಗುತ್ತದೆ.

ಇದರ ದೊಡ್ಡ ಶತ್ರು ಪವರ್ ಬಟನ್. ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಯಂತ್ರದ ವಿದ್ಯುತ್ತೇ ಹೋಗುತ್ತದೆ, ಜೊತೆಗೆ ರ್‍ಯಾಮ್‌ನಲ್ಲಿದ್ದ ಎಲ್ಲವೂ. ಪ್ರೊಸೆಸರ್‌ನ ಮಷೀನ್ ಚೆಕ್ ರಿಜಿಸ್ಟರ್‌ಗಳದ್ದೂ ಅದೇ ಹಣೆಬರಹ: ರೀಸೆಟ್ ಗುಂಡಿ ಒತ್ತಿದರೆ ಉಳಿಯುತ್ತವೆ, ವಿದ್ಯುತ್ ತೆಗೆದರೆ ಹೋಗುತ್ತವೆ. ಉಳಿದಿದ್ದರೆ ಮುಂದಿನ ಬೂಟ್‌ನಲ್ಲಿ ಕರ್ನೆಲ್ ಅವನ್ನು ಓದಿ ಲಾಗ್ ಮಾಡುತ್ತದೆ. ಹಳೆಯ ಎಎಂಡಿ ಪ್ರೊಸೆಸರ್‌ಗಳಲ್ಲಿ ಮಾತ್ರ ಇದು ತಾನಾಗಿ ನಡೆಯುವುದಿಲ್ಲ, ಏಕೆಂದರೆ ಕೆಲವು ಬಯೋಸ್‌ಗಳು ಅಲ್ಲಿ ಅರ್ಥವಿಲ್ಲದ ಕಸ ಬಿಟ್ಟುಹೋಗುತ್ತಿದ್ದವು.

ಲ್ಯಾಬ್‌ದೀಪ ಮೇಡಂ, ನಿಮ್ಮ ಮೂರನೆಯ ರಾತ್ರಿಯ ದಾಖಲೆ ಸಿಗದಿರುವುದು ಇದರಿಂದಲೇ ಇರಬಹುದು. ಫ್ಲ್ಯಾಶ್‌ಗೆ ಬರೆಯಲು ಸಮಯ ಬೇಕು. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದಿರಬಹುದು.

ಅಂಚೆಪೆಟ್ಟಿಗೆ | ಮಂಗಳವಾರ, ಸಂಜೆ 5:15

ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಎಂಟು ವಾರದ ಲೆಕ್ಕ ನಾನು ಯೋಚಿಸಿರಲಿಲ್ಲ. ಆದರೆ ನನ್ನ ಗಿರಾಕಿಗಳ ಬಳಿ ಬಿಎಂಸಿಯೂ ಇಲ್ಲ, ಇಆರ್‌ಎಸ್‌ಟಿಯೂ ಇಲ್ಲ. ಸಾಮಾನ್ಯ ಆಫೀಸ್ ಯಂತ್ರಗಳು. ಅವರಿಗೇನು ದಾರಿ?

ತುಂಗಾತೀರ | ಮಂಗಳವಾರ, ರಾತ್ರಿ 9:00

ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಫರ್ಮ್‌ವೇರ್) ಇರುವ ಯಾವುದೇ ಯಂತ್ರದಲ್ಲಿ ಪಿಸ್ಟೋರ್ ತನ್ನ ದಾಖಲೆಯನ್ನು ಫರ್ಮ್‌ವೇರ್‌ನ ಚರಗಳಲ್ಲಿ (ವೇರಿಯಬಲ್‌ಗಳಲ್ಲಿ) ಬರೆಯಬಲ್ಲದು. ಒಂದೊಂದು ಚರಕ್ಕೆ ಒಂದು ಕಿಲೋಬೈಟ್ ಮಾತ್ರ, ಆದ್ದರಿಂದ ಸಂದೇಶಗಳನ್ನು ಕುಗ್ಗಿಸಿ ತುಂಡು ಮಾಡಿ ಹಾಕುತ್ತದೆ. ನಿಮ್ಮ ಗಿರಾಕಿಗಳಿಗೆ ಅದು ಸಾಕು. ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ: ಆ ಜಾಗ ತುಂಬಲು ಬಿಡಬೇಡಿ. 2013ರ ಆರಂಭದಲ್ಲಿ ಕೆಲವು ಲ್ಯಾಪ್‌ಟಾಪ್‌ಗಳು ಈ ಚರಗಳ ಜಾಗ ತುಂಬಿದ ಕಾರಣಕ್ಕೆ ಮತ್ತೆ ಬೂಟ್ ಆಗದಂತೆ ಸತ್ತೇಹೋದವು. ಅದರ ನಂತರ ಕರ್ನೆಲ್ ಸ್ವಲ್ಪ ಜಾಗ ಉಳಿಸಿಕೊಂಡೇ ಬರೆಯುತ್ತದೆ. ಆದರೂ ಹಳೆಯ ಕಡತಗಳನ್ನು ಡಿಸ್ಕ್‌ಗೆ ಸಾಗಿಸಿ ತೆರವು ಮಾಡುವ ಸೇವೆ ಚಾಲೂ ಇದೆಯೇ ಎಂದು ನೋಡಿಕೊಳ್ಳಿ.

ಡಿಸ್ಕ್‌ಗಳು ತಮ್ಮ ದಾಖಲೆಯನ್ನು ತಾವೇ ಇಟ್ಟುಕೊಳ್ಳುತ್ತವೆ. ಸಾಟಾ ಡಿಸ್ಕ್‌ನ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯ ತಾನೇ ನೋಡಿಕೊಳ್ಳುವ ವ್ಯವಸ್ಥೆ) ದೋಷ ಪಟ್ಟಿಯ ಸಾರಾಂಶದಲ್ಲಿ ಕೊನೆಯ ಐದು ದೋಷಗಳಿರುತ್ತವೆ. ವಿಂಡೋಸ್ ಆದರೆ ಈವೆಂಟ್ ವ್ಯೂವರ್‌ನಲ್ಲಿ ವೀಯಾ ಲಾಗರ್ (WHEA-Logger) ಎಂಬ ಮೂಲವನ್ನು ಹುಡುಕಿ. ಯಂತ್ರ ತಾನಾಗಿ ರೀಬೂಟ್ ಆದ ದಿನದ ನಮೂದು ಅಲ್ಲಿ ಸಿಗುವ ಸಂಭವವಿದೆ.

ಎಲ್ಲಕ್ಕಿಂತ ಮೊದಲು, ಇವೆಲ್ಲ ಕೆಲಸ ಮಾಡುತ್ತವೆಯೇ ಎಂದು ಯಾರೂ ಬಳಸದ ಹೊತ್ತಿನಲ್ಲಿ ಪರೀಕ್ಷಿಸಿ. ಡಿಸ್ಕ್‌ಗೆ ಬರೆಯುವುದನ್ನೆಲ್ಲ ಮುಗಿಸಿ, ಕರ್ನೆಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯೂ (SysRq) ಮೂಲಕ ಸಿ ಅಕ್ಷರ ಕಳಿಸಿದರೆ ಕರ್ನೆಲ್ ಬೇಕೆಂದೇ ಕುಸಿಯುತ್ತದೆ. ಎದ್ದ ಮೇಲೆ ದಾಖಲೆ ಇದ್ದರೆ ಸರಿ, ಇಲ್ಲದಿದ್ದರೆ ಇಂದೇ ಗೊತ್ತಾಯಿತು. ನಿಜವಾದ ಯಂತ್ರದ ಮೇಲೆ ಧೈರ್ಯ ಸಾಲದಿದ್ದರೆ ಇಡೀ ಗಣಕವನ್ನು ಅನುಕರಿಸುವ ತಂತ್ರಾಂಶವಾದ ಕ್ಯುಎಂಯು 7.0 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಇಆರ್‌ಎಸ್‌ಟಿಯನ್ನೇ ಅನುಕರಿಸುವ ಸಾಧನವಿದೆ. ಮನೆಯಲ್ಲೇ ಕಲಿಯಬಹುದು.

ಲ್ಯಾಬ್‌ದೀಪ | ಬುಧವಾರ, ಸಂಜೆ 4:20

ನಿನ್ನೆ ರಾತ್ರಿ ಯಂತ್ರಾಂಶ ದೋಷಗಳನ್ನು ದಾಖಲಿಸುವ ರಾಸ್‌ಡೀಮನ್ ಎಂಬ ಕಾರ್ಯಕ್ರಮ ಹಾಕಿದೆ. ಅದು ತಿದ್ದಿಕೊಂಡ ದೋಷಗಳನ್ನೂ ಸೀಕ್ವೆಲೈಟ್ ದತ್ತಸಂಚಯದಲ್ಲಿ ಬರೆಯುತ್ತದೆ, ರೀಬೂಟ್ ಆದರೂ ಎಣಿಕೆ ಹೋಗುವುದಿಲ್ಲ. ಬೆಳಿಗ್ಗೆ ನೋಡಿದರೆ ಒಂದೇ ರಾತ್ರಿಯಲ್ಲಿ 43 ತಿದ್ದಿಕೊಂಡ ದೋಷಗಳು. ಎಲ್ಲವೂ ಒಂದೇ ಮಾಡ್ಯೂಲ್‌ನವು: ಎರಡನೆಯ ಸಾಕೆಟ್, ಚಾನೆಲ್ 1. ಪಿಸ್ಟೋರ್ ಕಡತ ಹೇಳಿದ್ದೂ ಅದನ್ನೇ. ಉಳಿದ ಏಳರಲ್ಲಿ ಒಂದೂ ಇಲ್ಲ.

ಹಳೆಯ ಟರ್ಮಿನಲ್ ಸರ್, ನೀವು ಕೇಳಿದ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇಂದು ಮಧ್ಯಾಹ್ನ ಕಾವಲುಗಾರರನ್ನು ಕರೆದು ಕೇಳಿದೆ. ಅವರು ಜೇಬಿನಿಂದ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. "ನಾಳೆ ಮೇಡಂ ಕೇಳಬಹುದು ಎಂದು ತೆಗೆದಿಟ್ಟಿದ್ದೆ, ಯಾರೂ ಕೇಳಲಿಲ್ಲ" ಎಂದರು. ಫ್ಲ್ಯಾಶ್ ಬೆಳಕು ಪರದೆಗೆ ಹೊಡೆದು ವಿಳಾಸದ ಅರ್ಧ ಭಾಗ ಕಾಣುತ್ತಿಲ್ಲ. ಆದರೆ ಬ್ಯಾಂಕ್ 7 ಎಂಬುದು ಸ್ಪಷ್ಟವಾಗಿದೆ, ಕೊನೆಯ 0091 ಸಹ. ನಾನು ಅವರ ಬಳಿ ಕ್ಷಮೆ ಕೇಳಿದೆ. ಬಟನ್ ಒತ್ತಿದ್ದಕ್ಕೆ ಮನಸ್ಸಿನಲ್ಲೇ ಅವರನ್ನು ಬೈದುಕೊಂಡಿದ್ದೆ.

ಹಳೆಯ ಟರ್ಮಿನಲ್ | ಬುಧವಾರ, ರಾತ್ರಿ 8:05

ಆ ಫೋಟೋವನ್ನೂ ಕಡತಗಳ ಜೊತೆಗೆ ಇಡಿ, ತೆಗೆದವರ ಹೆಸರು ಮತ್ತು ಸಮಯ ಬರೆದು. ನಮ್ಮ ಕಾಲದ ಲಾಗ್ ಪುಸ್ತಕದಲ್ಲಿ ರಾತ್ರಿ ಪಾಳಿಯವರ ಸಹಿಗೆ ಬೇರೆಯೇ ಕಾಲಂ ಇರುತ್ತಿತ್ತು.

ಮ್ಯೂನಿಕ್ ಕನ್ನಡಿಗ | ಗುರುವಾರ, ಮಧ್ಯಾಹ್ನ 1:10

43 ಎಂಬ ಸಂಖ್ಯೆ ನೋಡಿ ಒಂದು ಮಾತು. ಗೂಗಲ್‌ನ ಸರ್ವರ್‌ಗಳ ಮೆಮೊರಿ ದೋಷಗಳ ಬಗ್ಗೆ 2009ರಲ್ಲಿ ಬಂದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಶೇಕಡ 8ರಷ್ಟು ಮಾಡ್ಯೂಲ್‌ಗಳಲ್ಲಿ ತಿದ್ದಿಕೊಂಡ ದೋಷ ಕಂಡಿತ್ತು. ಒಮ್ಮೆ ದೋಷ ತೋರಿದ ಮಾಡ್ಯೂಲ್ ಮತ್ತೆ ತೋರುವ ಸಾಧ್ಯತೆ, ತಿದ್ದಲಾಗದ ದೋಷಕ್ಕೆ ತಿರುಗುವ ಸಾಧ್ಯತೆ ಎರಡೂ ಹೆಚ್ಚು ಎಂಬುದೂ ಅದರಲ್ಲಿತ್ತು. ಆದ್ದರಿಂದ ಆ ಮಾಡ್ಯೂಲ್‌ನ ಮೇಲೆ ಪಿಎಚ್‌ಡಿ ಲೆಕ್ಕಾಚಾರ ಇನ್ನು ಒಂದು ರಾತ್ರಿಯೂ ನಡೆಯದಿರಲಿ. ಅದನ್ನು ತೆಗೆದಿಟ್ಟು 112 ಜಿಬಿಯಲ್ಲೇ ಓಡಿಸಿ.

ದಾಖಲೆ ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಉಪಯೋಗವೂ ಇದೆ. ಮೆಮೊರಿಯ ಕೆಟ್ಟ ಪುಟವನ್ನು (ಸಣ್ಣ ತುಣುಕನ್ನು) ಕರ್ನೆಲ್ ಬಳಕೆಯಿಂದ ತೆಗೆದರೂ ರೀಬೂಟ್ ಆದರೆ ಆ ನೆನಪು ಹೋಗುತ್ತದೆ, ಅದೇ ಕೆಟ್ಟ ಪುಟ ಮತ್ತೆ ಯಾರದೋ ಕೈಗೆ ಸಿಗುತ್ತದೆ. 2024ರ 6.9 ಕರ್ನೆಲ್‌ನಲ್ಲಿ ಎಎಂಡಿಯ ದೊಡ್ಡ ವೇಗವರ್ಧಕಗಳಿಗಾಗಿ ಒಂದು ತಂತ್ರಾಂಶ ಮಾಡ್ಯೂಲ್ ಸೇರಿತು. ಅದು ಕೆಟ್ಟ ಮೆಮೊರಿಯ ವಿಳಾಸಗಳನ್ನು ಇಆರ್‌ಎಸ್‌ಟಿಯಲ್ಲಿ ಬರೆದಿಟ್ಟು, ಪ್ರತಿ ಬೂಟ್‌ನಲ್ಲೂ ಓದಿ, ಆ ಜಾಗಗಳನ್ನು ಮತ್ತೆ ಬಳಕೆಯಿಂದ ಹೊರಗಿಡುತ್ತದೆ. ಹದಿನೈದು ವರ್ಷ ಶವಪರೀಕ್ಷೆಗೆ ಮಾತ್ರ ಬಳಸಿದ ಪುಸ್ತಕವನ್ನು ಈಗ ರೋಗಿಯ ಆರೈಕೆಗೂ ಬಳಸುತ್ತಿದ್ದಾರೆ. ಇದು ಸಾಮಾನ್ಯ ಸರ್ವರ್‌ಗಳಿಗೂ ಬರಬೇಕು ಎಂಬುದು ನನ್ನ ಆಸೆ.

ಲ್ಯಾಬ್‌ದೀಪ | ಮುಂದಿನ ಬುಧವಾರ, ಬೆಳಿಗ್ಗೆ 11:30

ಮುಂದೇನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ. ತೆಗೆದಿಡುವ ಮೊದಲು ಎಎಂಸಿಯವರ ಒತ್ತಾಯದ ಮೇಲೆ ಆ ಮಾಡ್ಯೂಲನ್ನು ಮೊದಲ ಸಾಕೆಟ್‌ನ ಡಿ ಸ್ಥಾನಕ್ಕೆ ಹಾಕಿ, ಅಲ್ಲಿದ್ದದ್ದನ್ನು ಇಲ್ಲಿಗೆ ತಂದು ಒಂದು ರಾತ್ರಿ ಯಾವ ಕೆಲಸವೂ ಇಲ್ಲದೆ ಪರೀಕ್ಷಾ ಕಾರ್ಯಕ್ರಮ ಓಡಿಸಿದೆವು. ದೋಷ ಸ್ಥಾನದಲ್ಲಿ ಉಳಿಯಲಿಲ್ಲ, ಮಾಡ್ಯೂಲ್‌ನ ಜೊತೆಗೇ ಹೋಯಿತು. ಎರಡು ಪಿಸ್ಟೋರ್ ಕಡತ, ರಾಸ್‌ಡೀಮನ್‌ನ ಪಟ್ಟಿ, ಕಾವಲುಗಾರರ ಫೋಟೋ ಎಲ್ಲವನ್ನೂ ಸೇರಿಸಿ ಪತ್ರ ಬರೆದೆ. ನಿನ್ನೆ ಹೊಸ ಮಾಡ್ಯೂಲ್ ಬಂತು. ಪತ್ರದ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ.

ಬಿಎಂಸಿಯ ಪಟ್ಟಿ ಉಳಿಸಿ ಖಾಲಿ ಮಾಡಿದ್ದೇನೆ, ಗಡಿಯಾರ ಸರಿಯಾಗಿದೆ. ಪ್ರತಿ ತಿಂಗಳ ಮೊದಲ ಸೋಮವಾರ ಮತ್ತೆ ನೋಡಲು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ. ಸರ್ವರ್‌ನ ಸೀರಿಯಲ್ ಸಂದೇಶಗಳನ್ನು ಪಕ್ಕದ ಹಳೆಯ ಡೆಸ್ಕ್‌ಟಾಪ್ ಹಿಡಿದಿಟ್ಟುಕೊಳ್ಳುವಂತೆ ಮಾಡಿದ್ದೇವೆ; ಅದು ಅಂಚೆಪೆಟ್ಟಿಗೆ ಅವರು ಕರೆ ಮಾಡಿ ಹೇಳಿದ ಉಪಾಯ. ರ್‍ಯಾಕ್‌ನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇನೆ: "ಯಂತ್ರ ನಿಂತರೆ ಮೊದಲು ಪರದೆಯ ಫೋಟೋ ತೆಗೆಯಿರಿ. ಐದು ನಿಮಿಷ ಕಾಯಿರಿ. ಆಮೇಲೂ ಎದ್ದೇಳದಿದ್ದರೆ ನನಗೆ ಫೋನ್ ಮಾಡಿ, ಎಷ್ಟೇ ಹೊತ್ತಾಗಿರಲಿ." ಕಾವಲುಗಾರರು ಓದಿ, ಫೋಟೋ ತೆಗೆಯುವಾಗ ಫ್ಲ್ಯಾಶ್ ಆರಿಸಿ ಎಂಬುದನ್ನೂ ಸೇರಿಸಿ ಎಂದರು. ಸೇರಿಸಿದ್ದೇನೆ.

ವಿದ್ಯಾರ್ಥಿನಿಯ ಲೆಕ್ಕಾಚಾರ ನಿನ್ನೆ ಸಂಜೆ ಐದಕ್ಕೆ ಮತ್ತೆ ಆರಂಭವಾಗಿದೆ. ಈ ಸಲ ಆರು ಗಂಟೆಗೊಮ್ಮೆ ನಡುವಿನ ಸ್ಥಿತಿಯನ್ನು ಡಿಸ್ಕ್‌ಗೆ ಉಳಿಸುತ್ತಿದ್ದಾಳೆ. ಇಂದು ಬೆಳಿಗ್ಗೆಯವರೆಗೆ ತಿದ್ದಿಕೊಂಡ ದೋಷಗಳ ಎಣಿಕೆ ಸೊನ್ನೆ. ಶನಿವಾರ ಮುಗಿಯಬೇಕು.